ಸುಟ್ಟ ಪುಸ್ತಕ, ಸುಡದ ಪುಸ್ತಕ



ಡಬ್ಲಿನ್ ನಗರದ ನಡುವೆ ಹರಿಯುವ ಲಿಫೀ ನದಿಯ ದಂಡೆಯಲ್ಲಿ ಫೋರ್ ಕೋರ್ಟ್ಸ್ ಎಂಬ ದೊಡ್ಡ ಗುಮ್ಮಟದ ಕಟ್ಟಡವಿದೆ. ಐರ್ಲೆಂಡಿನ ಮೇಲಿನ ನ್ಯಾಯಾಲಯಗಳು ಕೂಡುವ ಜಾಗ ಅದು. 1922ರವರೆಗೆ ಆ ಆವರಣದಲ್ಲೇ ದೇಶದ ಸಾರ್ವಜನಿಕ ದಾಖಲೆಗಳ ಕಚೇರಿಯೂ ಇತ್ತು. ಸ್ವಾತಂತ್ರ್ಯದ ವಿಚಾರವಾಗಿ ಬ್ರಿಟನ್ನಿನೊಡನೆ ಆದ ಒಪ್ಪಂದ ಐರಿಷರಲ್ಲಿ ಕೆಲವರಿಗೆ ಸರಿಕಂಡಿತು, ಕೆಲವರಿಗೆ ಕಾಣಲಿಲ್ಲ. ಕಾಣದವರು ಆ ವರ್ಷದ ಏಪ್ರಿಲ್‌ನಲ್ಲಿ ಬಂದೂಕು ಹಿಡಿದು ಅಲ್ಲಿ ಬೀಡುಬಿಟ್ಟರು. ಜೂನ್ 28ರಂದು ಹೊಸ ಸರ್ಕಾರ ಅವರ ಮೇಲೆ ಫಿರಂಗಿ ಹಾರಿಸಿತು. 30ರಂದು ಭಾರೀ ಸ್ಫೋಟ, ಬೆಂಕಿ. ಏಳು ಶತಮಾನಗಳ ಕಾಗದಪತ್ರ ಹೊಗೆಯಾಗಿ ಹೋಯಿತು. ಅರೆಸುಟ್ಟ ಹಾಳೆಗಳು ಗಾಳಿಯಲ್ಲಿ ತೇಲಿ ಊರಾಚೆಯ ಹೌತ್ ಎಂಬ ಕಡಲ ಹಳ್ಳಿಯವರೆಗೂ ಹೋಗಿ ಬಿದ್ದವೆಂದು ಹೇಳುತ್ತಾರೆ. ಆ ಸ್ಫೋಟಕ್ಕೆ ಯಾರು ಹೊಣೆ ಎಂಬ ಜಗಳ ಅಲ್ಲಿ ಇನ್ನೂ ತೀರಿಲ್ಲ. ಅದಕ್ಕೆ ನಾನು ಕೈಹಾಕುವುದಿಲ್ಲ.

ನನಗೆ ಬೇಕಾದದ್ದು ಆ ಬೆಂಕಿಯಿಂದ ಹುಟ್ಟಿದ ಒಂದು ಮಾತು. ‘ಐರ್ಲೆಂಡಿನಲ್ಲಿ ಪೂರ್ವಿಕರನ್ನು ಹುಡುಕಿ ಉಪಯೋಗವಿಲ್ಲ, ಎಲ್ಲ ಸುಟ್ಟುಹೋಗಿದೆ’ ಎಂಬ ಮಾತು. ಅಮೆರಿಕದಲ್ಲಿ, ಆಸ್ಟ್ರೇಲಿಯದಲ್ಲಿ, ನಮ್ಮ ಬೆಂಗಳೂರಿನ ಹಳೆಯ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕೂಡ ಈ ಮಾತು ಕೇಳಿಬರುತ್ತದೆ. ಇದು ಅರ್ಧ ನಿಜ. ಉಳಿದ ಅರ್ಧವನ್ನು ತಿಳಿದವರಿಗೆ, ನೂರೈವತ್ತು ಇನ್ನೂರು ವರ್ಷ ಹಿಂದಿನ ಒಬ್ಬ ಬಡ ಗೇಣಿದಾರನ ಮಗುವಿಗೆ ಯಾವ ದಿನ ಜ್ಞಾನಸ್ನಾನವಾಯಿತು, ಯಾರು ಜ್ಞಾನತಂದೆ, ಯಾರು ಜ್ಞಾನತಾಯಿ ಎಂಬುದು ಮನೆಯಲ್ಲೇ ಕುಳಿತು ಸಿಗುವ ಸಾಧ್ಯತೆ ಇದೆ.

ಸುಟ್ಟದ್ದೇನು ಎಂಬುದನ್ನು ಮೊದಲು ನೋಡೋಣ. 1821, 1831, 1841, 1851ರ ಜನಗಣತಿಯ ಮನೆಮನೆ ವಿವರ ಬಹುಪಾಲು ಸುಟ್ಟಿತು. ಆದರೆ 1861 ಮತ್ತು 1871ರ ಜನಗಣತಿ ಪತ್ರಗಳು ಆ ಬೆಂಕಿಗೆ ಸಿಕ್ಕಿದ್ದಲ್ಲ. ಎಣಿಕೆ ಮುಗಿದ ಮೇಲೆ ಸರ್ಕಾರವೇ ಅವನ್ನು ನಾಶಮಾಡಿಸಿತ್ತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಗದದ ಬರಗಾಲದಲ್ಲಿ ತಿರುಳಾಗಿ ಹೋಗಿದ್ದವು. ಬೆಂಕಿಯ ಹೆಸರಿಗೆ ಗುಮಾಸ್ತರ ಪಾಪವೂ ಸೇರಿಕೊಂಡಿದೆ. ಹೀಗಾಗಿ ಪೂರ್ತಿಯಾಗಿ ಉಳಿದ ಮೊದಲ ಜನಗಣತಿ 1901ರದು, ಆಮೇಲೆ 1911ರದು. ಎರಡನ್ನೂ ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರ ಉಚಿತವಾಗಿ ಅಂತರಜಾಲದಲ್ಲಿ ತೆರೆದಿಟ್ಟಿದೆ.

ಇನ್ನು ಚರ್ಚಿನ ಪುಸ್ತಕಗಳು. ಇಲ್ಲಿ ಕಥೆ ಸ್ವಾರಸ್ಯವಾಗುತ್ತದೆ.

ಐರ್ಲೆಂಡಿನ ಬಹುಸಂಖ್ಯೆಯ ಜನ ಕ್ಯಾಥೊಲಿಕರು. ಆದರೆ ಅಲ್ಲಿ ರಾಜಮುದ್ರೆಯ ಧರ್ಮ, ಅಂದರೆ ಸರ್ಕಾರ ಸಾಕಿದ ಚರ್ಚು, ಆಂಗ್ಲಿಕನ್ ಪಂಥದ ಚರ್ಚ್ ಆಫ್ ಐರ್ಲೆಂಡ್. ಅದರ ಅನುಯಾಯಿಗಳು ಅಲ್ಪಸಂಖ್ಯಾತರು. 1869ರಲ್ಲಿ ಬ್ರಿಟಿಷ್ ಸಂಸತ್ತು ಕಾಯಿದೆ ಮಾಡಿ, 1871ರ ಜನವರಿ 1ರಿಂದ ಆ ಚರ್ಚಿನ ಸರ್ಕಾರಿ ಸ್ಥಾನವನ್ನು ತೆಗೆದುಹಾಕಿತು. ಆಗ ಒಂದು ಪ್ರಶ್ನೆ ಎದ್ದಿತು: ಇಷ್ಟು ದಿನ ಸರ್ಕಾರಿ ಚರ್ಚಾಗಿದ್ದಾಗ ಬರೆದ ಜ್ಞಾನಸ್ನಾನ, ಮದುವೆ, ಶವಸಂಸ್ಕಾರದ ಪುಸ್ತಕಗಳು ಯಾರ ಸೊತ್ತು? ಅವು ಸಾರ್ವಜನಿಕ ದಾಖಲೆ, ಡಬ್ಲಿನ್ನಿಗೆ ಕಳಿಸಬೇಕು ಎಂದು 1875 ಮತ್ತು 1876ರ ಕಾಯಿದೆಗಳು ತೀರ್ಮಾನಿಸಿದವು. ಭದ್ರವಾದ ಜಾಗ ತಮ್ಮಲ್ಲೇ ಇದೆಯೆಂದು ತೋರಿಸಿದ ಪ್ಯಾರಿಷ್‌ಗಳಿಗೆ, ಅಂದರೆ ಒಂದೊಂದು ಚರ್ಚಿನ ಆಡಳಿತ ವಲಯಕ್ಕೆ, ಮಾತ್ರ ಪುಸ್ತಕ ಇಟ್ಟುಕೊಳ್ಳುವ ಅನುಮತಿ ಸಿಕ್ಕಿತು. ಹೇಳಿದ ಮಾತು ಕೇಳಿ, ಪುಸ್ತಕಗಳನ್ನು ಜೋಪಾನವಾಗಿ ಕಟ್ಟಿ ರಾಜಧಾನಿಗೆ ಕಳಿಸಿದ ಪ್ಯಾರಿಷ್‌ಗಳು ಸಾವಿರದಷ್ಟು. ಅವರ ಪುಸ್ತಕಗಳೆಲ್ಲ, ಬೆರಳೆಣಿಕೆಯಷ್ಟು ಬಿಟ್ಟು, 1922ರಲ್ಲಿ ಬೂದಿಯಾದವು. ಮೊಂಡುತನದಿಂದಲೋ ಆಲಸ್ಯದಿಂದಲೋ ಪ್ರೀತಿಯಿಂದಲೋ ತಮ್ಮ ಕಬ್ಬಿಣದ ಪೆಟ್ಟಿಗೆಯಲ್ಲೇ ಇಟ್ಟುಕೊಂಡವರ ಪುಸ್ತಕ ಉಳಿಯಿತು. ಕಳಿಸುವ ಮೊದಲು ಕೂತು ಪ್ರತಿ ಮಾಡಿಟ್ಟುಕೊಂಡ ಕೆಲವು ಪಾದ್ರಿಗಳಿದ್ದರು. ಅವರಿಗೆ ಇವತ್ತಿನ ಸಂಶೋಧಕರು ಮನಸ್ಸಿನಲ್ಲೇ ಕೈಮುಗಿಯುತ್ತಾರೆ.

ಮತ್ತೆ ಕ್ಯಾಥೊಲಿಕ್ ಪುಸ್ತಕಗಳು? ಅವನ್ನು ಯಾರೂ ಕೇಳಲೇ ಇಲ್ಲ. ಸರ್ಕಾರದ ಕಣ್ಣಿಗೆ ಅವು ಖಾಸಗಿ ಪುಸ್ತಕ, ದಾಖಲೆಯಲ್ಲ. ಹದಿನೇಳನೇ ಶತಮಾನದ ಕೊನೆಯಿಂದ ಕ್ಯಾಥೊಲಿಕರ ಮೇಲೆ ಹೇರಿದ ದಂಡನಾ ಕಾನೂನುಗಳ ನೆನಪು ಇನ್ನೂ ಹಸಿಯಾಗಿತ್ತು. ಆ ಚರ್ಚಿನ ಪುಸ್ತಕಕ್ಕೆ ರಾಜಧಾನಿಯ ಕಪಾಟಿನಲ್ಲಿ ಜಾಗ ಕೊಡುವ ಯೋಚನೆ ಯಾರಿಗೂ ಬರಲಿಲ್ಲ. ಆದ್ದರಿಂದ ಅವು ಹಳ್ಳಿಯ ಪಾದ್ರಿಯ ಮನೆಯ ಕಪಾಟಿನಲ್ಲಿ, ಒದ್ದೆ ಗೋಡೆಯ ಪಕ್ಕದಲ್ಲಿ, ಇಲಿಯ ಹಲ್ಲಿಗೂ ಶಾಯಿಯ ಬಣ್ಣಗೇಡಿಗೂ ಒಡ್ಡಿಕೊಂಡು ಉಳಿದವು. ಸರ್ಕಾರ ಗೌರವಿಸಿದ್ದು ಸುಟ್ಟಿತು, ಉಪೇಕ್ಷಿಸಿದ್ದು ಬದುಕಿತು. ‘ಎಲ್ಲ ಸುಟ್ಟುಹೋಯಿತು’ ಎಂಬ ಮಾತಿನ ದೊಡ್ಡ ದೋಷ ಇದೇ. ಐರ್ಲೆಂಡಿನ ಬಹುಪಾಲು ಜನರ ಹೆಸರಿದ್ದ ಪುಸ್ತಕಗಳು ಆ ಕಟ್ಟಡದಲ್ಲಿ ಇರಲೇ ಇಲ್ಲ.

1950 ಮತ್ತು 60ರ ದಶಕಗಳಲ್ಲಿ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಒಂದು ಒಳ್ಳೆಯ ಕೆಲಸ ಮಾಡಿತು. ಪ್ಯಾರಿಷ್‌ಗಳಿಂದ ಈ ಪುಸ್ತಕಗಳನ್ನು ಪಡೆದು, ಸುಮಾರು 1880ರವರೆಗಿನ ಪುಟಗಳನ್ನು ಮೈಕ್ರೋಫಿಲ್ಮ್ ಮಾಡಿಸಿತು. ದಶಕಗಳ ಕಾಲ ಜನ ಡಬ್ಲಿನ್ನಿನ ಆ ಓದುಕೋಣೆಯ ಮಂದ ಬೆಳಕಿನಲ್ಲಿ ಸುರುಳಿ ತಿರುಗಿಸುತ್ತ ಕಣ್ಣು ಕೆಡಿಸಿಕೊಂಡರು. 2015ರ ಜುಲೈ 8ರಂದು ಗ್ರಂಥಾಲಯ ಅಷ್ಟನ್ನೂ ಅಂತರಜಾಲಕ್ಕೆ ಹಾಕಿತು. ಸಾವಿರಕ್ಕೂ ಹೆಚ್ಚು ಪ್ಯಾರಿಷ್‌ಗಳು, 3,70,000ಕ್ಕೂ ಹೆಚ್ಚು ಪುಟಚಿತ್ರಗಳು. ಕಾಸಿಲ್ಲ, ನೋಂದಣಿಯಿಲ್ಲ. ಹಾವೇರಿಯಲ್ಲಿ ಕುಳಿತವರೂ ಕಾರ್ಕ್ ಕೌಂಟಿಯ ಒಂದು ಹಳ್ಳಿಯ 1830ರ ಪುಟವನ್ನು ತೆರೆದು ನೋಡಬಹುದು.

ಆದರೆ ಒಂದು ಎಚ್ಚರಿಕೆ. ಅಲ್ಲಿ ಪುಟಗಳ ಚಿತ್ರವಷ್ಟೇ ಇದೆ, ಹೆಸರಿನ ಸೂಚಿ ಇಲ್ಲ. ಪ್ಯಾರಿಷ್ ಯಾವುದು ಎಂದು ಗೊತ್ತಿದ್ದರೆ ಮಾತ್ರ ಬಾಗಿಲು ತೆರೆಯುತ್ತದೆ. 2016ರಲ್ಲಿ ಆನ್ಸೆಸ್ಟ್ರಿ, ಫೈಂಡ್‌ಮೈಪಾಸ್ಟ್ ಎಂಬ ಎರಡು ವಂಶಶೋಧ ಕಂಪನಿಗಳು ಈ ಪುಟಗಳಿಗೆ ಹೆಸರಿನ ಸೂಚಿ ಮಾಡಿದವು. ಉಪಕಾರವೇನೋ ಹೌದು. ಆದರೆ ಮಸುಕಾದ ಲ್ಯಾಟಿನ್ ಕೈಬರಹವನ್ನು ಆತುರದಲ್ಲಿ ಓದಿ ಮಾಡಿದ ಸೂಚಿ ಅದು. ಅದರಲ್ಲಿ ಹೆಸರು ಕಾಣದಿದ್ದರೆ ಪುಸ್ತಕದಲ್ಲೂ ಇಲ್ಲ ಎಂದು ತಿಳಿಯಬಾರದು.

ಇಲ್ಲಿಗೆ ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಬಂತು. ಐರ್ಲೆಂಡಿನಲ್ಲಿ ಪೂರ್ವಿಕರನ್ನು ಹುಡುಕುವವರು ಹೆಸರಿನ ಬೆನ್ನು ಹತ್ತಬಾರದು, ನೆಲದ ಬೆನ್ನು ಹತ್ತಬೇಕು. ಮರ್ಫಿ, ಕೆಲ್ಲಿ, ಓ’ಸಲಿವನ್ ಎಂಬ ಮನೆತನಗಳು ಅಲ್ಲಿ ಲೆಕ್ಕವಿಲ್ಲದಷ್ಟು. ಅವರ ಮಕ್ಕಳಿಗೆ ಇಡುತ್ತಿದ್ದ ಹೆಸರು ಜಾನ್, ಪ್ಯಾಟ್ರಿಕ್, ಮೈಕೆಲ್, ಮೇರಿ, ಬ್ರಿಜೆಟ್ ಇಷ್ಟರಲ್ಲೇ ಸುತ್ತುತ್ತಿತ್ತು. ಅದೂ ಒಂದು ಕ್ರಮದಲ್ಲಿ: ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ತಾಯಿಯ ಅಪ್ಪನ ಹೆಸರು, ಮೊದಲ ಹೆಣ್ಣಿಗೆ ತಾಯಿಯ ತಾಯಿಯ ಹೆಸರು. ಒಬ್ಬ ಅಜ್ಜನಿಗೆ ಐವರು ಗಂಡುಮಕ್ಕಳಿದ್ದರೆ ಅದೇ ಹೆಸರಿನ ಐವರು ಮೊಮ್ಮಕ್ಕಳು ಒಂದೇ ಪ್ಯಾರಿಷ್‌ನಲ್ಲಿ ಹುಟ್ಟುತ್ತಾರೆ. ಹೆಸರು ಹಿಡಿದು ಹೊರಟವರು ಬೇರೆಯವರ ಅಜ್ಜನನ್ನು ಮನೆಗೆ ಕರೆತರುತ್ತಾರೆ.

ನಮ್ಮಲ್ಲಿ ಹೆಳವರು ಎತ್ತಿನ ಮೇಲೆ ಬಂದು ಮನೆಯ ಮುಂದೆ ನಿಂತು ಕುಲ ಹೇಳುವಾಗ ಮೂಲ ಯಾವ ಊರು, ಅಲ್ಲಿಂದ ಯಾವ ಊರಿಗೆ ಬಂದಿರಿ ಎಂದು ಶುರುಮಾಡುತ್ತಾರಲ್ಲ, ಐರಿಷ್ ಶೋಧವೂ ಹಾಗೆ ಊರಿನಿಂದಲೇ ಶುರುವಾಗಬೇಕು.

ಐರ್ಲೆಂಡಿನಲ್ಲಿ ನೆಲದ ಅತಿ ಚಿಕ್ಕ ಹೆಸರು ಟೌನ್‌ಲ್ಯಾಂಡ್. ಹೆಸರಿನಲ್ಲಿ ಟೌನ್ ಇದ್ದರೂ ಅದು ಪಟ್ಟಣವಲ್ಲ. ಕೆಲವು ಹೊಲ, ನಾಲ್ಕಾರು ಮನೆ, ಒಂದಷ್ಟು ಜೌಗು, ಅಷ್ಟೇ. ಇಂಥವು ದೇಶದಲ್ಲಿ 60,000ಕ್ಕೂ ಹೆಚ್ಚು. ಅದರ ಮೇಲೆ ಸಿವಿಲ್ ಪ್ಯಾರಿಷ್, ಅದರ ಮೇಲೆ ಬ್ಯಾರನಿ, ಅದರ ಮೇಲೆ ಕೌಂಟಿ. ಕೌಂಟಿಗಳು 32. ಹೊಸಬರು ತಪ್ಪುವುದು ಸಿವಿಲ್ ಪ್ಯಾರಿಷ್ ಹತ್ತಿರ. ಅದು ಕಂದಾಯದ ಗಡಿ. ಅಂಥವು ಸುಮಾರು 2,500. ಚರ್ಚ್ ಆಫ್ ಐರ್ಲೆಂಡಿನ ಪ್ಯಾರಿಷ್‌ಗಳು ಹೆಚ್ಚುಕಡಿಮೆ ಈ ಗಡಿಯನ್ನೇ ಹಿಡಿದವು. ಕ್ಯಾಥೊಲಿಕ್ ಪ್ಯಾರಿಷ್‌ಗಳು ಹಾಗಲ್ಲ. ಎರಡು ಮೂರು ಸಿವಿಲ್ ಪ್ಯಾರಿಷ್‌ಗಳನ್ನು ಒಟ್ಟುಗೂಡಿಸಿ, ಬೇರೆಯೇ ಹೆಸರಿಟ್ಟು, ಕಾಲಕಾಲಕ್ಕೆ ಒಡೆದು ಮತ್ತೆ ಸೇರಿಸಿ ಬೆಳೆದವು. ಯಾವ ಕ್ಯಾಥೊಲಿಕ್ ಪ್ಯಾರಿಷ್‌ಗೆ ಯಾವ ಸಿವಿಲ್ ಪ್ಯಾರಿಷ್ ಸೇರಿತ್ತು ಎಂದು ತಿಳಿಯಲು ಸ್ಯಾಮ್ಯುಯೆಲ್ ಲೂಯಿಸ್ 1837ರಲ್ಲಿ ಪ್ರಕಟಿಸಿದ ಐರ್ಲೆಂಡಿನ ಸ್ಥಳವಿವರಣ ಕೋಶ ಈಗಲೂ ಕೆಲಸಕ್ಕೆ ಬರುತ್ತದೆ. ನಮ್ಮ ಕಾಲದಲ್ಲಿ ಈ ಗಡಿಗಳನ್ನೆಲ್ಲ ಹೊಲಿದು ಜೋಡಿಸಿ ದಾರಿ ಸುಲಭ ಮಾಡಿದವರಲ್ಲಿ ಜಾನ್ ಗ್ರೆನಮ್ ಹೆಸರು ಮೊದಲು ಹೇಳಬೇಕು. ಐರಿಷ್ ಪೂರ್ವಿಕರ ಶೋಧದ ಬಗ್ಗೆ ಅವರು ಬರೆದ ಕೈಪಿಡಿಯನ್ನು ಬಲ್ಲವರೆಲ್ಲ ಬಳಿಯಲ್ಲೇ ಇಟ್ಟುಕೊಳ್ಳುತ್ತಾರೆ.

ಹೆಸರುಗಳ ತೊಡಕು ಇನ್ನೊಂದಿದೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ರಾಜ ರಾಣಿಯರ ಹೆಸರು ಹೊತ್ತ ಊರುಗಳು ಮರುನಾಮಕರಣಗೊಂಡವು. ಹಳೆಯ ಪತ್ರದ ಕಿಂಗ್ಸ್ ಕೌಂಟಿ ಇವತ್ತಿನ ನಕಾಶೆಯಲ್ಲಿ ಆಫಲಿ, ಕ್ವೀನ್ಸ್ ಕೌಂಟಿ ಲೀಶ್, ಕ್ವೀನ್ಸ್‌ಟೌನ್ ಬಂದರು ಕೋವ್. ಜತೆಗೆ ಗೇಲಿಕ್ ಹೆಸರನ್ನು ಇಂಗ್ಲಿಷ್ ಕಿವಿ ಕೇಳಿಸಿಕೊಂಡಂತೆ ಬರೆದುಕೊಂಡದ್ದರಿಂದ ಒಂದೇ ಹಳ್ಳಿಗೆ ನಾಲ್ಕು ಕಾಗುಣಿತ. ಅಮೆರಿಕದ ಗುಮಾಸ್ತ ಬರೆದುಕೊಂಡಿದ್ದು ಐದನೆಯದು. ಗಟ್ಟಿಯಾಗಿ ಓದಿ ನೋಡಿದರೆ ಹಲವು ಸಲ ಗುಟ್ಟು ಬಿಡುತ್ತದೆ.

ಸರಿ, ಈ ಟೌನ್‌ಲ್ಯಾಂಡ್ ಹೆಸರು ಸಿಗುವುದಾದರೂ ಎಲ್ಲಿ? ಐರ್ಲೆಂಡಿನಲ್ಲಿ ಹುಡುಕುವ ಮೊದಲು ವಲಸೆ ಹೋದ ದೇಶದಲ್ಲಿ ಹುಡುಕಬೇಕು. 1845ರಿಂದ 1852ರವರೆಗಿನ ಆಲೂಗಡ್ಡೆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಹಡಗು ಇಳಿದವರನ್ನು ಅಲ್ಲಿನ ಅಧಿಕಾರಿ ಎಲ್ಲಿಯವನು ಎಂದು ಕೇಳಿದರೆ ‘ಐರ್ಲೆಂಡ್’ ಎಂದಷ್ಟೇ ಬರೆದುಕೊಂಡ. ಆದರೆ ಅದೇ ಜನ ತಮ್ಮವರ ನಡುವೆ ಊರು ಬಿಟ್ಟುಕೊಡಲಿಲ್ಲ. ಬಾಸ್ಟನ್ನಿನ ‘ಪೈಲಟ್’ ಎಂಬ ಪತ್ರಿಕೆ 1831ರಿಂದ 1921ರವರೆಗೆ ಕಾಣೆಯಾದ ಬಂಧುಗಳಿಗಾಗಿ ಜಾಹೀರಾತು ಹಾಕುತ್ತಿತ್ತು. ಇಂಥ ಕೌಂಟಿ, ಇಂಥ ಪ್ಯಾರಿಷ್, ಇಂಥ ಹಳ್ಳಿಯ ನನ್ನ ತಮ್ಮ ಇಂಥ ವರ್ಷ ಬಂದಿಳಿದ, ಸುದ್ದಿ ತಿಳಿದವರು ಬರೆಯಿರಿ ಎಂಬ ಧಾಟಿ. ನ್ಯೂಯಾರ್ಕಿನ ಎಮಿಗ್ರಂಟ್ ಸೇವಿಂಗ್ಸ್ ಬ್ಯಾಂಕು ಖಾತೆದಾರನ ಗುರುತಿಗಾಗಿ ಹುಟ್ಟೂರು, ಅಪ್ಪ ಅಮ್ಮ, ಒಡಹುಟ್ಟಿದವರ ಹೆಸರು ಬರೆದುಕೊಂಡಿತ್ತು. ಬೇರೊಬ್ಬರು ಬಂದು ಹಣ ತೆಗೆಯಬಾರದಲ್ಲ. ಬ್ಯಾಂಕಿನ ಅನುಮಾನ ಇವತ್ತು ವಂಶಶೋಧಕರ ಪಾಲಿಗೆ ಪುಣ್ಯವಾಗಿದೆ. ಸಮಾಧಿಕಲ್ಲುಗಳು, ಮರಣವಾರ್ತೆಗಳು ಕೂಡ ಊರು ಹೇಳುತ್ತವೆ.

ನೆಲದ ಹೆಸರು ಸಿಕ್ಕ ಮೇಲೆ ಎರಡು ಕಂದಾಯ ಪಟ್ಟಿಗಳು ಆಸರೆ. ಒಂದು, 1820 ಮತ್ತು 30ರ ದಶಕದ ಟೈದ್ ಅಪ್ಲಾಟ್‌ಮೆಂಟ್ ಪುಸ್ತಕ. ಕ್ಯಾಥೊಲಿಕ್ ರೈತನೂ ತನ್ನದಲ್ಲದ ಆಂಗ್ಲಿಕನ್ ಚರ್ಚಿಗೆ ಎಷ್ಟು ಕಾಣಿಕೆ ತೆರಬೇಕು ಎಂಬ ಲೆಕ್ಕ ಅದರಲ್ಲಿದೆ. ಇನ್ನೊಂದು, ರಿಚರ್ಡ್ ಗ್ರಿಫಿತ್ 1847ರಿಂದ 1864ರವರೆಗೆ ಮಾಡಿಸಿ ಅಚ್ಚು ಹಾಕಿಸಿದ ಭೂಮೌಲ್ಯ ಪಟ್ಟಿ. ಯಾವ ಟೌನ್‌ಲ್ಯಾಂಡಿನಲ್ಲಿ ಯಾರು ಎಷ್ಟು ಎಕರೆ, ಯಾರಿಂದ ಗೇಣಿಗೆ ಹಿಡಿದಿದ್ದರು ಎಂಬುದು ಅದರಲ್ಲಿ ಸಿಗುತ್ತದೆ. ಎರಡೂ ಉಚಿತವಾಗಿ ಲಭ್ಯ. ಅಪರೂಪದ ಮನೆತನದ ಹೆಸರಾದರೆ ಗ್ರಿಫಿತ್ ಪಟ್ಟಿಯಲ್ಲಿ ಅದು ಯಾವ ಮೂಲೆಯಲ್ಲಿ ಗುಂಪುಗೂಡಿದೆ ಎಂದು ನೋಡಿ ಪ್ಯಾರಿಷ್ ಊಹಿಸುವವರೂ ಇದ್ದಾರೆ. ಮರ್ಫಿಗಳಿಗೆ ಈ ಭಾಗ್ಯವಿಲ್ಲ.

ಈಗ ಪುಸ್ತಕ ತೆರೆಯೋಣ. ಕ್ಯಾಥೊಲಿಕ್ ಪುಸ್ತಕಗಳು ಎಲ್ಲೆಡೆ ಒಂದೇ ಕಾಲಕ್ಕೆ ಶುರುವಾಗಲಿಲ್ಲ. ವೆಕ್ಸ್‌ಫರ್ಡ್ ಪಟ್ಟಣದ್ದು 1671ರಿಂದ ಸಿಗುತ್ತದೆ, ಅದು ಅಪವಾದ. ಶ್ರೀಮಂತ ಪೂರ್ವದಲ್ಲಿ, ಪಟ್ಟಣಗಳಲ್ಲಿ ಹದಿನೆಂಟನೇ ಶತಮಾನದ ನಡುವಿನಿಂದ ಸಿಗಬಹುದು. ಬಡ ಪಶ್ಚಿಮದಲ್ಲಿ, ಮೇಯೋ, ಡಾನೆಗಾಲ್ ಕಡೆ, 1820ಕ್ಕಿಂತ ಹಿಂದೆ ಹೋಗುವುದು ಹಲವೆಡೆ ಕನಸು. ಬಡತನ ಹೆಚ್ಚಿದ್ದಷ್ಟೂ ಪುಸ್ತಕ ತಡ. ಕ್ಷಾಮಕ್ಕೆ ಅತಿ ಹೆಚ್ಚು ಬಲಿಯಾದವರು ಕೂಡ ಅದೇ ಪ್ರದೇಶದವರು. ಎಷ್ಟೋ ಮಂದಿ ಯಾವ ಪುಸ್ತಕದಲ್ಲೂ ಹೆಸರು ಬೀಳದೆ ಹುಟ್ಟಿ ಸತ್ತುಹೋದರು.

ಪಾದ್ರಿ ಬರೆಯುತ್ತಿದ್ದುದು ಹಲವೆಡೆ ಲ್ಯಾಟಿನ್ನಿನಲ್ಲಿ. ಹೆದರುವಷ್ಟೇನಿಲ್ಲ, ಇಪ್ಪತ್ತು ಪದ ಕಲಿತರೆ ಸಾಕು. ಜೇಮ್ಸ್ ಅಲ್ಲಿ ಯಾಕೋಬುಸ್, ವಿಲಿಯಂ ಗುಲಿಯೆಲ್ಮುಸ್, ಬ್ರಿಜೆಟ್ ಬ್ರಿಗಿದಾ. ಗೇಲಿಕ್ ಮೂಲದ ಹೆಸರುಗಳಲ್ಲಿ ಮಾತ್ರ ಜೋಪಾನ. ಮನೆಯಲ್ಲಿ ಎಲ್ಲರೂ ಡಾರ್ಬಿ ಎಂದು ಕರೆಯುತ್ತಿದ್ದವನನ್ನು ಪಾದ್ರಿ ಜೆರೆಮಿಯಾಸ್ ಎಂದು ಬರೆದಿರುತ್ತಾನೆ, ಓವೆನ್ ಎಂಬವನು ಯೂಜೀನಿಯುಸ್ ಆಗಿರುತ್ತಾನೆ, ನೋರಾ ಹೊನೋರಿಯಾ ಆಗಿರುತ್ತಾಳೆ. ಮನೆತನದ ಹೆಸರಿನ ಮುಂದಿನ ಓ, ಮ್ಯಾಕ್‌ಗಳು ಬಂದಷ್ಟೇ ಸಲೀಸಾಗಿ ಹೋಗುತ್ತವೆ. ಅಣ್ಣ ಸಲಿವನ್, ತಮ್ಮ ಓ’ಸಲಿವನ್ ಎಂದಿದ್ದರೆ ಅದರಲ್ಲಿ ಯಾವ ಗೂಢವೂ ಇಲ್ಲ.

ಜ್ಞಾನಸ್ನಾನದ ನಮೂದು ಚಿಕ್ಕದು. ದಿನಾಂಕ, ಮಗುವಿನ ಹೆಸರು, ಅಪ್ಪ, ಅಮ್ಮನ ತವರಿನ ಹೆಸರು, ಇಬ್ಬರು ಜ್ಞಾನಪೋಷಕರು, ಪುಣ್ಯವಿದ್ದರೆ ಟೌನ್‌ಲ್ಯಾಂಡ್. ಅಮ್ಮನ ತವರು ಹೆಸರು ಬರೆಯುವ ಈ ಪದ್ಧತಿಯೇ ಕ್ಯಾಥೊಲಿಕ್ ಪುಸ್ತಕದ ದೊಡ್ಡ ಗುಣ. ಒಂದೇ ಹೆಸರಿನ ಐವರು ಅಪ್ಪಂದಿರನ್ನು ಬೇರ್ಪಡಿಸುವುದು ಅದೇ. ಜ್ಞಾನಪೋಷಕರನ್ನೂ ಕಡೆಗಣಿಸಬಾರದು, ಅವರು ಸಾಮಾನ್ಯವಾಗಿ ಚಿಕ್ಕಪ್ಪ, ಸೋದರತ್ತೆ, ಪಕ್ಕದ ಹೊಲದವರು. ಮದುವೆ ನಡೆಯುತ್ತಿದ್ದುದು ವಧುವಿನ ಪ್ಯಾರಿಷ್‌ನಲ್ಲಿ. ಆದ್ದರಿಂದ ಗಂಡನ ಊರಿನ ಪುಸ್ತಕದಲ್ಲಿ ಮದುವೆ ಸಿಗದಿದ್ದರೆ ಹೆಂಡತಿಯ ಊರಿಗೆ ಹೋಗಬೇಕು, ಮೊದಲ ಮಗುವಿನ ಜ್ಞಾನಸ್ನಾನವೂ ಬಹಳ ಸಲ ಅಲ್ಲೇ ಸಿಗುತ್ತದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮಗೆ ವಿವರಿಸಬೇಕಾದ ವಿಷಯವಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮದುವೆ ನಿಷಿದ್ಧವಾಗಿತ್ತು. ಅದಕ್ಕಾಗಿ ಅದರ ಹಿಂದಿನ ವಾರಗಳಲ್ಲಿ, ಫೆಬ್ರವರಿಯ ಸುಮಾರಿಗೆ, ಹಳ್ಳಿಗೆ ಹಳ್ಳಿಯೇ ಮದುವೆಯಾದಂತೆ ಪುಟಗಳು ತುಂಬಿರುತ್ತವೆ. ವರ್ಷ ತಿಳಿದು ತಿಂಗಳು ತಿಳಿಯದಿದ್ದರೆ ಅಲ್ಲಿಂದ ಓದಲು ಶುರುಮಾಡಿ.

ಶವಸಂಸ್ಕಾರವನ್ನು ಕ್ಯಾಥೊಲಿಕ್ ಪಾದ್ರಿಗಳು ಬರೆದದ್ದು ಕಡಿಮೆ. ಆದರೆ ಹಳೆಯ ಸ್ಮಶಾನಗಳು ಬಹುಪಾಲು ಆಂಗ್ಲಿಕನ್ ಚರ್ಚಿನ ವಶದಲ್ಲಿದ್ದವು, ಕ್ಯಾಥೊಲಿಕರೂ ತಮ್ಮ ಹಿರಿಯರ ಪಕ್ಕದಲ್ಲಿ ಮಲಗಲು ಅಲ್ಲಿಗೇ ಹೋಗುತ್ತಿದ್ದರು. ಹೀಗಾಗಿ ಉಳಿದ ಆಂಗ್ಲಿಕನ್ ಪುಸ್ತಕವೊಂದರಲ್ಲಿ ಕ್ಯಾಥೊಲಿಕ್ ಅಜ್ಜನ ಸಾವು ದಾಖಲಾಗಿರುವುದುಂಟು.

1864ರ ಜನವರಿ 1ರಿಂದ ಎಲ್ಲ ಹುಟ್ಟು, ಸಾವು, ಮದುವೆಗಳ ಸರ್ಕಾರಿ ನೋಂದಣಿ ಬಂತು. ಕ್ಯಾಥೊಲಿಕೇತರ ಮದುವೆಗಳಿಗೆ 1845ರಲ್ಲೇ ಬಂದಿತ್ತು. ಇವುಗಳ ಪುಟಚಿತ್ರಗಳು ಐರಿಷ್ ಜೀನಿಯಾಲಜಿ ಎಂಬ ಸರ್ಕಾರಿ ತಾಣದಲ್ಲಿ ಉಚಿತ. ಹುಟ್ಟಿಗೆ 100 ವರ್ಷ, ಮದುವೆಗೆ 75, ಸಾವಿಗೆ 50 ವರ್ಷ ದಾಟಿರಬೇಕು. ಇಲ್ಲಿ ಒಂದು ತಮಾಷೆ. ಎಷ್ಟೋ ಮಕ್ಕಳಿಗೆ ಚರ್ಚಿನ ಪುಸ್ತಕದಲ್ಲಿ ಜ್ಞಾನಸ್ನಾನ ಮೊದಲು ಆಗಿರುತ್ತದೆ, ಸರ್ಕಾರಿ ಪುಸ್ತಕದ ಪ್ರಕಾರ ಹುಟ್ಟು ಆಮೇಲೆ! ಮಗುವನ್ನು ಎರಡು ಮೂರು ದಿನದೊಳಗೆ ಪಾದ್ರಿಯ ಬಳಿ ಒಯ್ಯುವುದು ಆತ್ಮದ ಪ್ರಶ್ನೆ. ನೋಂದಣಿಯ ಕಚೇರಿ ಕೆಲಸ ಮುಗಿದಾಗ ನೋಡೋಣ ಎಂಬಂಥದು. ಗಡುವು ಮೀರಿದರೆ ದಂಡ. ಅಪ್ಪ ಮಗುವಿನ ವಯಸ್ಸು ಕೆಲವು ವಾರ ಇಳಿಸಿ ಹೇಳಿ ದಂಡ ಉಳಿಸುತ್ತಿದ್ದ. ಎರಡರಲ್ಲಿ ನಂಬಬೇಕಾದದ್ದು ಚರ್ಚಿನ ದಿನಾಂಕವನ್ನು.

ವಯಸ್ಸಿನ ಮಾತು ಬಂದಾಗ ವೃದ್ಧಾಪ್ಯ ವೇತನದ ಕಥೆ ಬಿಡುವಂತಿಲ್ಲ. 1908ರ ಕಾಯಿದೆಯಂತೆ 1909ರ ಜನವರಿಯಿಂದ 70 ವರ್ಷ ದಾಟಿದ ಬಡವರಿಗೆ ವಾರಕ್ಕೆ ಐದು ಶಿಲಿಂಗ್. 70 ದಾಟಿದೆ ಎಂದು ತೋರಿಸುವುದು ಹೇಗೆ? ಸರ್ಕಾರಿ ನೋಂದಣಿ ಶುರುವಾದದ್ದೇ 1864ರಲ್ಲಿ. ಪಾದ್ರಿಯ ಪುಸ್ತಕ ಹಲವೆಡೆ ಇಲ್ಲ. ಆಗ 1839ರ ಜನವರಿ 6ರ ರಾತ್ರಿ ಬೀಸಿದ ಮಹಾಗಾಳಿ ನೆನಪಿಗೆ ಬಂತು. ಆ ಗಾಳಿಯ ರಾತ್ರಿ ನನಗೆ ನೆನಪಿದೆ ಎಂದು ಅಜ್ಜಂದಿರು ಸಮಿತಿಯ ಮುಂದೆ ಹೇಳತೊಡಗಿದರು, ಸಮಿತಿಗಳೂ ಒಪ್ಪತೊಡಗಿದವು. ತೊಟ್ಟಿಲಲ್ಲಿದ್ದವರಿಗೂ ಆ ರಾತ್ರಿ ಚೆನ್ನಾಗಿ ನೆನಪಿತ್ತಂತೆ. ಅಷ್ಟಕ್ಕೆ ತೃಪ್ತರಾಗದ ಅಧಿಕಾರಿಗಳು 1841 ಮತ್ತು 1851ರ ಜನಗಣತಿಯಲ್ಲಿ ಹುಡುಕಿಸಿದರು. ಆ ಜನಗಣತಿ ಮುಂದೆ ಸುಟ್ಟುಹೋದರೂ ಹುಡುಕಿ ಬರೆದ ಚೀಟಿಗಳು ಉಳಿದಿವೆ. ಅಪ್ಪ, ಅಮ್ಮ, ಟೌನ್‌ಲ್ಯಾಂಡ್ ಹೆಸರು ಸಮೇತ ಅವು ಇವತ್ತು ಅಂತರಜಾಲದಲ್ಲಿವೆ.

ಉಳಿದ ಆಂಗ್ಲಿಕನ್ ಪುಸ್ತಕಗಳು ಏನು ಮಾಡಬಲ್ಲವು ಎನ್ನಲು ಜಗತ್ತೇ ಕೇಳಿದ ಒಂದು ಉದಾಹರಣೆ ಸಾಕು. ಬರಾಕ್ ಒಬಾಮಾ ಅವರ ತಾಯಿಯ ಕಡೆ ಐದು ತಲೆಮಾರು ಹಿಂದೆ ಫಾಲ್ಮತ್ ಕಿಯರ್ನಿ ಎಂಬಾತ 1850ರಲ್ಲಿ ಅಮೆರಿಕಕ್ಕೆ ಹೋದ, ಚಮ್ಮಾರಿಕೆ ಮನೆತನದ ಹುಡುಗ. ಅಮೆರಿಕದ ವಂಶಶೋಧಕಿ ಮೇಗನ್ ಸ್ಮೊಲೆನ್ಯಾಕ್ ಆ ಕೊಂಡಿಯನ್ನು ಬೆನ್ನಟ್ಟಿದರು. 2007ರಲ್ಲಿ ಆಫಲಿ ಕೌಂಟಿಯ ಗಡಿಯ ಮನಿಗಾಲ್ ಎಂಬ, ಸುಮಾರು 300 ಜನರ ಹಳ್ಳಿಯ ಚರ್ಚ್ ಆಫ್ ಐರ್ಲೆಂಡ್ ಪಾದ್ರಿ ಸ್ಟೀಫನ್ ನೀಲ್ ತಮ್ಮ ಪ್ಯಾರಿಷ್‌ನ ಹಳೆಯ ಪುಸ್ತಕ ತೆರೆದು ಕಿಯರ್ನಿ ಕುಟುಂಬವನ್ನು ಕಂಡುಕೊಟ್ಟರು. ಆ ಪುಸ್ತಕವೂ ಡಬ್ಲಿನ್ನಿನಲ್ಲಿ ಬೂದಿಯಾಗಿದ್ದರೆ 2011ರ ಮೇ 23ರಂದು ಅಮೆರಿಕದ ಅಧ್ಯಕ್ಷರು ಆ ಹಳ್ಳಿಯ ಪಬ್ಬಿನಲ್ಲಿ ಗಿನ್ನೆಸ್ ಹೀರುವ ದೃಶ್ಯ ಇರುತ್ತಿರಲಿಲ್ಲ. ಅದೇ ದಿನ ಡಬ್ಲಿನ್ನಿನ ಸಭೆಯಲ್ಲಿ ಅವರು ತಮ್ಮ ಹೆಸರಿನ ಓ ಮುಂದಿನ ಕಳೆದುಹೋದ ಅಪಾಸ್ಟ್ರಫಿ ಚಿಹ್ನೆಯನ್ನು ಹುಡುಕಿಕೊಂಡು ಬಂದಿದ್ದೇನೆಂದು ನಗಿಸಿದರು.

ಯಾವ ಆಂಗ್ಲಿಕನ್ ಪುಸ್ತಕ ಉಳಿದಿದೆ, ಎಲ್ಲಿದೆ ಎಂಬ ಪಟ್ಟಿಯನ್ನು ಡಬ್ಲಿನ್ನಿನ ರೆಪ್ರೆಸೆಂಟೆಟಿವ್ ಚರ್ಚ್ ಬಾಡಿ ಗ್ರಂಥಾಲಯ ಬಣ್ಣ ಹಚ್ಚಿ ವಿಂಗಡಿಸಿ ಅಂತರಜಾಲದಲ್ಲಿಟ್ಟಿದೆ. ಸುಟ್ಟದ್ದನ್ನೂ ಅದರಲ್ಲೇ ಗುರುತಿಸಿದ್ದಾರೆ. ಪ್ರೆಸ್ಬಿಟೇರಿಯನ್ನರು ಹೆಚ್ಚಾಗಿ ಉತ್ತರದ ಅಲ್‌ಸ್ಟರಿನವರು. ಅವರಿಗೆ ಬೆಲ್‌ಫಾಸ್ಟಿನ ಪ್ರೋನಿ ಎಂಬ ಪತ್ರಾಗಾರವೂ ಅಲ್ಲಿನ ಪ್ರೆಸ್ಬಿಟೇರಿಯನ್ ಇತಿಹಾಸ ಸಂಘವೂ ದಾರಿ. ಕ್ವೇಕರ್ ಪೂರ್ವಿಕರಿದ್ದರೆ ಅದೃಷ್ಟವಂತರು. ಹದಿನೇಳನೇ ಶತಮಾನದಿಂದಲೇ ಅವರಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಟ್ಟವರು ಅಲ್ಲಿ ಬೇರೆ ಇಲ್ಲ. ಪೂರ್ವಿಕರು ಯಾವ ಪಂಥ ಎಂದು ಸಂಶಯವಿದ್ದರೆ 1901ರ ಜನಗಣತಿಯ ಧರ್ಮದ ಕಲಮು ನೋಡಿ. ಇನ್ನು ರೂಟ್ಸ್ ಐರ್ಲೆಂಡ್ ಎಂಬ ತಾಣದಲ್ಲಿ ಕೌಂಟಿ ಕೇಂದ್ರಗಳು ಪುಸ್ತಕಗಳನ್ನು ಓದಿ ಮಾಡಿದ ಸೂಚಿಗಳಿವೆ. ಸ್ಥಳೀಯರು ಓದಿದ್ದರಿಂದ ಹೆಸರು ಹೆಚ್ಚು ನಂಬಬಹುದು, ಆದರೆ ಹಣ ಕೊಡಬೇಕು. ಉಚಿತ ಪುಟಗಳಲ್ಲಿ ಮೊದಲು ಕೈಪಳಗಿಸಿಕೊಂಡು, ಪಟ್ಟಿ ತಯಾರಿಟ್ಟುಕೊಂಡು, ಒಂದು ತಿಂಗಳಿಗೆ ಮಾತ್ರ ಚಂದಾ ಕಟ್ಟುವುದು ಜಾಣತನ.

ಕರ್ನಾಟಕದಲ್ಲಿ ಈ ಮಾತು ಕೇಳುವವರಿಗೆ ನೇರ ಸಂಬಂಧವಿರುವ ಒಂದು ದಾರಿ ಇದೆ. ಈಸ್ಟ್ ಇಂಡಿಯಾ ಕಂಪನಿಯ ಯುರೋಪಿಯನ್ ಸೈನಿಕರಲ್ಲಿ ದೊಡ್ಡ ಪಾಲು ಐರಿಷರು. ಮದ್ರಾಸಿನ ಕಂಪನಿ ಪಡೆಯೊಂದು ಮುಂದೆ ರಾಣಿಯ ಸೈನ್ಯಕ್ಕೆ ಸೇರಿ 1881ರಲ್ಲಿ ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್‌ನ ಭಾಗವಾಯಿತು. ಬೆಂಗಳೂರು ದಂಡಿನಲ್ಲಿ ಐರಿಷ್ ಸಂತ ಪ್ಯಾಟ್ರಿಕ್ಕನ ಹೆಸರಿನ ಚರ್ಚು ಇರುವುದು ಕಂಡವರಿಗೆಲ್ಲ ಗೊತ್ತು. ಐರಿಷ್ ಸೈನಿಕನೊಬ್ಬ ನಿಮ್ಮ ಮನೆತನದ ಮೂಲದಲ್ಲಿದ್ದರೆ ಹೀಗೆ ಹೋಗಬೇಕು. ಬೆಂಗಳೂರು ಮದ್ರಾಸ್ ಪ್ರೆಸಿಡೆನ್ಸಿಯ ಲೆಕ್ಕಕ್ಕೆ ಸೇರಿತ್ತು. ಇಲ್ಲಿನ ಚರ್ಚುಗಳ ಜ್ಞಾನಸ್ನಾನ, ಮದುವೆ, ಸಾವಿನ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಫಿಬಿಸ್ ಎಂಬ ಸಂಸ್ಥೆಯ ಉಚಿತ ಸೂಚಿಯಿಂದ ಶುರುಮಾಡಬಹುದು. ಆಂಗ್ಲಿಕನ್ ನಮೂದುಗಳು ಹೆಚ್ಚು, ಕ್ಯಾಥೊಲಿಕರವು ಅಷ್ಟು ಪೂರ್ಣವಲ್ಲ. ಅಲ್ಲಿ ರಾಣಿಯ ಸೈನ್ಯದ ಪಡೆಯ ಹೆಸರು ಸಿಕ್ಕರೆ ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದ ಪಿಂಚಣಿ ಸೈನಿಕರ ಕಡತ ನೋಡಿ. ಸೈನಿಕ ಯಾವ ಕೌಂಟಿಯ ಯಾವ ಪ್ಯಾರಿಷ್‌ನಲ್ಲಿ ಹುಟ್ಟಿದ, ಹತ್ತಿರದ ಪಟ್ಟಣ ಯಾವುದು ಎಂದು ಅದರಲ್ಲಿ ಬರೆದಿರುತ್ತದೆ. ಅಮೆರಿಕದ ವಲಸಿಗರ ಮರಿಮೊಮ್ಮಕ್ಕಳು ವರ್ಷಗಟ್ಟಲೆ ತಡಕಾಡುವ ಊರಿನ ಹೆಸರು ಬೆಂಗಳೂರಿನ ಸೈನಿಕನ ಮಕ್ಕಳಿಗೆ ಒಂದೇ ಸಾಲಿನಲ್ಲಿ ಸಿಗಬಹುದು.

1880ರ ಈಚಿನ ಕ್ಯಾಥೊಲಿಕ್ ಪುಸ್ತಕಗಳು ಬಹುಪಾಲು ಇನ್ನೂ ಆಯಾ ಪ್ಯಾರಿಷ್‌ನಲ್ಲೇ ಇವೆ. ಅವುಗಳಿಗೆ ಪತ್ರವೇ ಗತಿ. ಈ ಪುಸ್ತಕಗಳ ಅಂಚನ್ನು ಮರೆಯಬೇಡಿ. 1908ರಲ್ಲಿ ಜಾರಿಗೆ ಬಂದ ನೇ ತೇಮೆರೆ ಎಂಬ ಪೋಪರ ಆಜ್ಞೆಯಂತೆ, ಯಾರಾದರೂ ಎಲ್ಲೇ ಮದುವೆಯಾದರೂ ಜ್ಞಾನಸ್ನಾನವಾದ ಪ್ಯಾರಿಷ್‌ಗೆ ತಿಳಿಸಬೇಕಾಗಿತ್ತು. ಹಾಗಾಗಿ 1885ರಲ್ಲಿ ಹುಟ್ಟಿದ ಹುಡುಗಿಯ ಹೆಸರಿನ ಪಕ್ಕದಲ್ಲಿ ಬೇರೆ ಶಾಯಿಯಲ್ಲಿ, ಬ್ರೂಕ್ಲಿನ್ನಿನಲ್ಲೋ ಸಿಡ್ನಿಯಲ್ಲೋ ಆದ ಮದುವೆಯ ವರ್ಷ, ಗಂಡನ ಹೆಸರು ಇರಬಹುದು. ಪತ್ರ ಬರೆಯುವಾಗ ವಂಶದ ಕಥೆಯೆಲ್ಲ ಬೇಡ. ಅಪ್ಪನ ಹೆಸರು, ಅಮ್ಮನ ತವರು ಹೆಸರು, ಟೌನ್‌ಲ್ಯಾಂಡ್, ಮುಂದೆ ಹಿಂದೆ ಎರಡು ಮೂರು ವರ್ಷದ ಅಂತರ ಇಷ್ಟು ಸಾಕು. ಅಂಚಿನಲ್ಲಿ ಏನಾದರೂ ಬರೆದಿದ್ದರೆ ಅದನ್ನೂ ತಿಳಿಸಿರೆಂದು ಕೇಳಲು ಮರೆಯಬೇಡಿ, ಚರ್ಚಿಗೆ ಸಣ್ಣ ಕಾಣಿಕೆ ಕಳಿಸುವುದು ರೂಢಿ. ಪುಸ್ತಕ ತೋರಿಸಲೇಬೇಕೆಂಬ ಕಟ್ಟಳೆ ಅವರಿಗಿಲ್ಲ, ನೂರು ವರ್ಷದೊಳಗಿನವರ ವಿವರ ಕೊಡಲು ಅವರು ಹಿಂಜರಿಯುತ್ತಾರೆ. ಐರ್ಲೆಂಡಿನಲ್ಲಿ ಈಗ ಪಾದ್ರಿಗಳ ಸಂಖ್ಯೆ ಕುಗ್ಗಿ ಒಬ್ಬೊಬ್ಬರಿಗೆ ಎರಡು ಮೂರು ಪ್ಯಾರಿಷ್‌ಗಳ ಹೊಣೆ ಬಿದ್ದಿದೆ. ಪತ್ರ ಓದಿ ಪುಸ್ತಕ ತೆರೆಯುವವರು ಹಲವೆಡೆ ವಾರಕ್ಕೆ ಕೆಲವೇ ಗಂಟೆ ಬಂದುಹೋಗುವ ಕಚೇರಿ ಸಹಾಯಕರು. ಕ್ರಿಸ್‌ಮಸ್ ಮತ್ತು ಈಸ್ಟರ್ ಹತ್ತಿರದ ವಾರಗಳನ್ನು ಬಿಟ್ಟು ಬರೆಯಿರಿ.